ಗುತ್ತಿಗೆ ಅವಧಿಯ ವಿಸ್ತರಣೆ: ಗಿರಣಿ, ಗೋದಾಮು ನಡೆಸುವವರು ಅರಿಯಬೇಕಾದ ವಿಷಯ

ಹೊಳೆಹೊನ್ನೂರು ಹಾಗೂ ಭದ್ರಾವತಿ ಭಾಗದಲ್ಲಿ ಭತ್ತ ಮತ್ತು ಅಡಿಕೆಯ ವ್ಯವಹಾರವನ್ನು ನೆಚ್ಚಿ ಅಕ್ಕಿ ಗಿರಣಿ, ಗೋದಾಮು, ಸಣ್ಣ ವರ್ಕ್‌ಶಾಪು ನಡೆಸುತ್ತಿರುವ ಅನೇಕರು ಪರರ ಜಾಗವನ್ನು ಗುತ್ತಿಗೆಗೆ ಪಡೆದವರಾಗಿರುತ್ತಾರೆ. ಜಾಗ ಪರರದ್ದಾದರೂ ಅದರ ಮೇಲಿನ ಶೆಡ್ಡು, ಯಂತ್ರೋಪಕರಣ, ವಿದ್ಯುತ್ ಸಂಪರ್ಕ, ಕಣಕ್ಕೆ ಹಾಕಿದ ಕಾಂಕ್ರೀಟು ಇವೆಲ್ಲವೂ ಗುತ್ತಿಗೆದಾರನ ಹಣದಿಂದಲೇ ಆದವು. ಅನೇಕ ವೇಳೆ ಬ್ಯಾಂಕಿನ ಸಾಲದಿಂದ ಆದವು. ಹೀಗಿದ್ದರೂ ಅವಧಿ ಮುಗಿದಾಗ ಹಳೆಯ ಛಾಪಾ ಕಾಗದದ ಹಿಂಬದಿಯಲ್ಲಿ ‘ಇನ್ನೈದು ವರ್ಷಕ್ಕೆ ಮುಂದುವರಿಸಿದೆ’ ಎಂದು ಎರಡು ಸಾಲಿನ ಷರಾ ಬರೆಸಿ, ಸಹಿ ಹಾಕಿಸಿ, ಬೀರುವಿನಲ್ಲಿಟ್ಟು ನಿಶ್ಚಿಂತರಾಗುವ ರೂಢಿಯುಂಟು. ಕಾನೂನು ಆ ಎರಡು ಸಾಲಿಗೆ ಕೊಡುವ ಬೆಲೆ ಅತ್ಯಲ್ಪ.

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. ನಮ್ಮ ಊರುಗಳಲ್ಲಿ ‘ಮನೆಯನ್ನು ಲೀಸಿಗೆ ಹಾಕಿದ್ದಾರೆ’ ಎಂದರೆ ಸಾಮಾನ್ಯವಾಗಿ ಭೋಗ್ಯ, ಅಂದರೆ ಇಡುಗಂಟು ಕೊಟ್ಟು ಬಾಡಿಗೆಯಿಲ್ಲದೆ ವಾಸಿಸುವ ಏರ್ಪಾಡು. ಇಲ್ಲಿ ಚರ್ಚಿಸುತ್ತಿರುವುದು ಅದಲ್ಲ. ನಿಗದಿತ ಅವಧಿಗೆ, ನಿಗದಿತ ಬಾಡಿಗೆಗೆ ಪಡೆದ ಗುತ್ತಿಗೆ.

ಅವಧಿಯ ವಿಸ್ತರಣೆ ಮತ್ತು ಗುತ್ತಿಗೆಯ ನವೀಕರಣ ಎರಡೂ ಒಂದೇ ಎಂಬ ಭಾವನೆ ಸಾಮಾನ್ಯ. 1989ರಲ್ಲಿ ಪ್ರವಾಸ್ ಚಂದ್ರ ದಲುಯಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇವುಗಳ ಭೇದವನ್ನು ವಿವರಿಸಿದೆ. ವಿಸ್ತರಣೆಯೆಂದರೆ ಹಳೆಯ ಗುತ್ತಿಗೆಯೇ ಮುಂದಕ್ಕೆ ಎಳೆಯಲ್ಪಡುವುದು. ನವೀಕರಣವೆಂದರೆ ಹಳೆಯದು ಮುಗಿದು ಹೊಸ ಗುತ್ತಿಗೆ ಹುಟ್ಟುವುದು. ಆದುದರಿಂದ ನವೀಕರಣದ ಷರತ್ತು ಮೂಲ ಪತ್ರದಲ್ಲಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹೊಸ ಅವಧಿಗೆ ಹೊಸ ಪತ್ರವೇ ಆಗಬೇಕು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 107ನೇ ಪ್ರಕರಣ ಮತ್ತು 1908ರ ನೋಂದಣಿ ಅಧಿನಿಯಮದ 17ನೇ ಪ್ರಕರಣದ ಮೇರೆಗೆ, ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ಪತ್ರ ಕಡ್ಡಾಯವಾಗಿ ನೋಂದಣಿಯಾಗತಕ್ಕದ್ದು. ಬರೆದುಕೊಟ್ಟ ದಿನದಿಂದ ನಾಲ್ಕು ತಿಂಗಳೊಳಗೆ ಅದನ್ನು ಉಪ ನೋಂದಣಾಧಿಕಾರಿಗಳ ಮುಂದೆ ಹಾಜರುಪಡಿಸಬೇಕು.

ನೋಂದಣಿ ತಪ್ಪಿಸಲೆಂದೇ ಹನ್ನೊಂದು ತಿಂಗಳ ಕರಾರು ಬರೆಸುವ ಪದ್ಧತಿ ಬೆಳೆದಿದೆ. ಚಿಲ್ಲರೆ ಅಂಗಡಿಗೆ ಅದು ಸಾಕಾಗಬಹುದು. ಯಂತ್ರ ಕೂರಿಸುವವನಿಗೆ ಅದು ಸಾಲದು. ಏಕೆಂದರೆ, ಭಿನ್ನ ಒಪ್ಪಂದವಿಲ್ಲದಿದ್ದಲ್ಲಿ, ಉತ್ಪಾದನಾ ಉದ್ದೇಶದ ಗುತ್ತಿಗೆಯನ್ನು ಕೊನೆಗಾಣಿಸಲು ಆರು ತಿಂಗಳ ನೋಟೀಸು, ಇತರ ಗುತ್ತಿಗೆಗಳಿಗೆ ಹದಿನೈದು ದಿನಗಳ ನೋಟೀಸು ಎಂದು 106ನೇ ಪ್ರಕರಣ ಹೇಳುತ್ತದೆ. ‘ನಮ್ಮದು ಕಾರ್ಖಾನೆ, ನಮಗೆ ಆರು ತಿಂಗಳು ಇದ್ದೇ ಇದೆ’ ಎಂದು ಧೈರ್ಯದಿಂದಿರುವವರು ಪಾಲ್ ರಬ್ಬರ್ ಇಂಡಸ್ಟ್ರೀಸ್ ಪ್ರಕರಣದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಗಮನಿಸಬೇಕು. ಅಲ್ಲಿ ಐದು ವರ್ಷದ ಗುತ್ತಿಗೆ ಪತ್ರ ನೋಂದಣಿಯಾಗಿರಲಿಲ್ಲ. ಗುತ್ತಿಗೆ ಉತ್ಪಾದನೆಗಾಗಿಯೇ ಇತ್ತೆಂದು ರುಜುವಾತುಪಡಿಸಲು ಆ ಪತ್ರವನ್ನು ಆಧಾರವಾಗಿ ಸ್ವೀಕರಿಸಲು ನ್ಯಾಯಾಲಯ ಒಪ್ಪಲಿಲ್ಲ. ಹದಿನೈದು ದಿನಗಳ ನೋಟೀಸೇ ಊರ್ಜಿತವಾಯಿತು. ಬಾಡಿಗೆ ಕಾಯ್ದೆ ಕಾಪಾಡೀತೆಂಬ ನಿರೀಕ್ಷೆಯೂ ಬೇಡ. ಹದಿನಾಲ್ಕು ಚದರ ಮೀಟರಿಗಿಂತ ಹೆಚ್ಚು ವಿಸ್ತೀರ್ಣದ ವಾಣಿಜ್ಯ ಕಟ್ಟಡಗಳು 1999ರ ಕರ್ನಾಟಕ ಬಾಡಿಗೆ ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲ.

ಒಂದು ಕಲ್ಪಿತ ಉದಾಹರಣೆಯಿಂದ ವಿಷಯ ಸ್ಪಷ್ಟವಾಗುತ್ತದೆ. ಹೊಳೆಹೊನ್ನೂರಿನ ಒಬ್ಬ ಗಿರಣಿದಾರರು 2017ರ ಏಪ್ರಿಲ್ 1ರಿಂದ ಹತ್ತು ವರ್ಷಕ್ಕೆ ನೋಂದಾಯಿತ ಗುತ್ತಿಗೆ ಪಡೆದಿದ್ದಾರೆಂದು ಇಟ್ಟುಕೊಳ್ಳಬಹುದು. ಅವಧಿ 2027ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ‘ಮೂರು ತಿಂಗಳು ಮುಂಚಿತವಾಗಿ ಲಿಖಿತ ತಿಳುವಳಿಕೆ ಕೊಟ್ಟಲ್ಲಿ, ಬಾಡಿಗೆಗೆ ಶೇ. 15 ಸೇರಿಸಿ ಇನ್ನು ಹತ್ತು ವರ್ಷಕ್ಕೆ ನವೀಕರಿಸತಕ್ಕದ್ದು’ ಎಂಬ ಷರತ್ತಿದೆ. ಇಲ್ಲಿ ಮುಖ್ಯವಾದ ದಿನಾಂಕ ಮಾರ್ಚ್ 31 ಅಲ್ಲ, 2026ರ ಡಿಸೆಂಬರ್ 31. ಆ ದಿನದೊಳಗೆ ಸ್ವೀಕೃತಿ ಸಹಿತ ಅಂಚೆಯಲ್ಲಿ ತಿಳುವಳಿಕೆ ಪತ್ರ ಮಾಲೀಕರಿಗೆ ತಲುಪಿರಬೇಕು. ಸಂತೆಯಲ್ಲಿ ಭೇಟಿಯಾದಾಗ ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಸಕಾಲದಲ್ಲಿ ತಿಳಿಸಿದರೂ ಮಾಲೀಕರು ಪತ್ರ ಬರೆದುಕೊಡಲು ನಿರಾಕರಿಸಿದರೆ, ಕರಾರಿನ ನಿರ್ದಿಷ್ಟ ಪಾಲನೆಗಾಗಿ ಮೂರು ವರ್ಷದೊಳಗೆ ದಾವೆ ಹೂಡುವ ಹಕ್ಕು ಗುತ್ತಿಗೆದಾರರಿಗಿದೆ. ದಿನಾಂಕ ತಪ್ಪಿಸಿಕೊಂಡವರಿಗೆ ಆ ಹಕ್ಕು ಉಳಿಯುವುದು ಕಷ್ಟ.

ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತಿದ್ದಾರೆ, ಆದ್ದರಿಂದ ಒಪ್ಪಿದ್ದಾರೆ ಎಂಬ ವಾದವೂ ಬಹಳ ದೂರ ಸಾಗದು. 2005ರ ಶಾಂತಿ ಪ್ರಸಾದ್ ದೇವಿ ಪ್ರಕರಣದಲ್ಲಿ, ನವೀಕರಣದ ವಿಧಾನ ಪತ್ರದಲ್ಲಿಯೇ ನಮೂದಾಗಿರುವಾಗ ಬರಿದೇ ಬಾಡಿಗೆ ಸ್ವೀಕರಿಸಿದ್ದನ್ನು ಸಮ್ಮತಿಯೆಂದು ಎಣಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು.

ಷರತ್ತಿನ ಮಾತುಗಳೂ ಗಟ್ಟಿಯಾಗಿರಬೇಕು. ‘ಉಭಯತ್ರರು ಒಪ್ಪಿದ ಬಾಡಿಗೆಗೆ ನವೀಕರಿಸುವುದು’ ಎಂಬ ವಾಕ್ಯ ಅನೇಕ ಪತ್ರಗಳಲ್ಲಿ ಕಾಣಸಿಗುತ್ತದೆ. ಮಾಲೀಕರು ಒಪ್ಪದಿದ್ದರೆ ಆ ವಾಕ್ಯಕ್ಕೆ ಅರ್ಥವೇ ಇರುವುದಿಲ್ಲ. ಬಾಡಿಗೆಯ ಏರಿಕೆ ಎಷ್ಟೆಂಬುದನ್ನು, ಅಥವಾ ಅದನ್ನು ನಿರ್ಧರಿಸುವ ಕ್ರಮವನ್ನು, ಅಂಕಿಯಲ್ಲಿಯೇ ಬರೆಸುವುದು ಲೇಸು. ಹಿರಿಯ ಮಾಲೀಕರು ತೀರಿಕೊಂಡು ಸ್ವತ್ತು ಮಕ್ಕಳ ಹೆಸರಿಗೆ ಬಂದಿದ್ದಲ್ಲಿ ಹೊಸ ಪತ್ರಕ್ಕೆ ಎಲ್ಲ ವಾರಸುದಾರರ ಸಹಿ ಬೇಕು. ಒಬ್ಬ ಮಗನ ಸಹಿಯಿಂದ ಉಳಿದವರು ಬದ್ಧರಾಗುವುದಿಲ್ಲ.

ಅಚ್ಚುಕಟ್ಟು ಪ್ರದೇಶದ ಮಟ್ಟಿಗೆ ಇನ್ನೊಂದು ಅಪಾಯವಿದೆ. ಪಹಣಿಯಲ್ಲಿ ಇನ್ನೂ ಕೃಷಿ ಜಮೀನೆಂದೇ ಇರುವ ಜಾಗದಲ್ಲಿ ಗಿರಣಿ ನಿಂತಿರುವುದುಂಟು. 1961ರ ಕರ್ನಾಟಕ ಭೂ ಸುಧಾರಣಾ ಅಧಿನಿಯಮದ 5ನೇ ಪ್ರಕರಣ, ಕೆಲವು ವಿನಾಯಿತಿಗಳನ್ನು ಬಿಟ್ಟು, ಕೃಷಿ ಜಮೀನಿನ ಗುತ್ತಿಗೆಯನ್ನೇ ನಿಷೇಧಿಸಿದೆ. ಆದ್ದರಿಂದ ಅವಧಿ ವಿಸ್ತರಿಸುವ ಮುನ್ನ ಭೂ ಪರಿವರ್ತನೆಯ ಆದೇಶವನ್ನು ಕೇಳಿ ಪಡೆಯುವುದು ಅನಿವಾರ್ಯ.

ಸರ್ಕಾರಿ ಜಾಗದ ವಿಚಾರ ಬೇರೆ. ಅಲ್ಲಿ ವಿಸ್ತರಣೆ ಸರ್ಕಾರದ ತೀರ್ಮಾನವನ್ನು ಅವಲಂಬಿಸಿದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ನೆಡುತೋಪಿಗಾಗಿ 1980ರಲ್ಲಿ 40 ವರ್ಷಕ್ಕೆ ಕೊಟ್ಟಿದ್ದ ಅರಣ್ಯ ಭೂಮಿಯ ಗುತ್ತಿಗೆ 2020ರಲ್ಲಿ ಮುಗಿದಾಗ, ಕಾರ್ಖಾನೆಯೇ ನಿಂತಿದ್ದರೂ ಸರ್ಕಾರ ಮತ್ತೆ 40 ವರ್ಷಕ್ಕೆ ವಿಸ್ತರಿಸಿತು. ಮಲೆನಾಡಿನಲ್ಲಿ ಇದಕ್ಕೆ ತೀವ್ರ ವಿರೋಧ ವ್ಯಕ್ತವಾದುದು ಓದುಗರಿಗೆ ನೆನಪಿರಬಹುದು. ಸಣ್ಣ ಉದ್ಯಮಿಗೆ ಅಂತಹ ಅನುಕೂಲ ತಾನಾಗಿ ಒದಗಿ ಬರುವುದಿಲ್ಲ. ಮಾಚೇನಹಳ್ಳಿಯಂತಹ ಕೈಗಾರಿಕಾ ಪ್ರದೇಶದಲ್ಲಿ ‘ಲೀಸ್ ಕಮ್ ಸೇಲ್’ ಆಧಾರದ ಮೇಲೆ ನಿವೇಶನ ಪಡೆದವರು ಹಂಚಿಕೆ ಪತ್ರದ ಗಡುವನ್ನು ಕಾದು, ಕಾಲಾವಕಾಶ ಬೇಕಾದಲ್ಲಿ ಗಡುವಿಗೆ ಮೊದಲೇ ಅರ್ಜಿ ಕೊಡಬೇಕು.

ಹೊಸ ಬಾಡಿಗೆಯನ್ನು ಗೊತ್ತುಪಡಿಸುವಾಗ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಾಲೀಕರು ಜಿಎಸ್‌ಟಿ ನೋಂದಣಿ ಪಡೆದಿಲ್ಲದೆ ಗುತ್ತಿಗೆದಾರರು ಪಡೆದಿದ್ದಲ್ಲಿ, ವಾಣಿಜ್ಯ ಕಟ್ಟಡದ ಬಾಡಿಗೆಯ ಮೇಲಿನ ಶೇ. 18 ತೆರಿಗೆಯನ್ನು ಗುತ್ತಿಗೆದಾರರೇ ಕಟ್ಟಬೇಕೆಂಬ ನಿಯಮ 2024ರ ಅಕ್ಟೋಬರ್ 10ರಿಂದ ಜಾರಿಗೆ ಬಂದಿತು. ಕಾಂಪೋಸಿಷನ್ ಪದ್ಧತಿಯವರನ್ನು ಅನಂತರ ಇದರಿಂದ ಹೊರಗಿಡಲಾಯಿತು. ಇನ್‌ಪುಟ್ ಕ್ರೆಡಿಟ್ ದೊರೆಯದ ವ್ಯಾಪಾರಿಗೆ ಇದು ನೇರ ವೆಚ್ಚ.

ಮಾತುಕತೆ ಮುರಿದುಬಿದ್ದಲ್ಲಿ 108ನೇ ಪ್ರಕರಣದ ಒಂದು ಅಂಶ ಉಪಯೋಗಕ್ಕೆ ಬರುತ್ತದೆ. ವ್ಯತಿರಿಕ್ತ ಕರಾರಿಲ್ಲದಿದ್ದಲ್ಲಿ, ಗುತ್ತಿಗೆದಾರನು ನೆಲಕ್ಕೆ ಜೋಡಿಸಿದ ಯಂತ್ರ, ಶೆಡ್ಡುಗಳನ್ನು ಬಿಚ್ಚಿಕೊಂಡು ಹೋಗಬಹುದು; ಜಾಗವನ್ನು ಮಾತ್ರ ಪಡೆದಾಗ ಇದ್ದಂತೆ ಬಿಟ್ಟುಕೊಡಬೇಕು. ಆದರೆ ಈ ಹಕ್ಕು ಸ್ವಾಧೀನ ತನ್ನಲ್ಲಿರುವವರೆಗೆ ಮಾತ್ರ. ಬೀಗದ ಕೈ ಒಪ್ಪಿಸುವುದಕ್ಕೆ ಮೊದಲೇ ಪಟ್ಟಿ ಮಾಡಿ, ಉಭಯತ್ರರ ಸಹಿಯೊಂದಿಗೆ ಸಾಮಾನುಗಳನ್ನು ಹೊರಗೆ ಸಾಗಿಸತಕ್ಕದ್ದು.