ಐದು ವ್ಯಾಟಿನ ರೇಡಿಯೋ, ನಾವೇ ಕಟ್ಟುವ ಆಂಟೆನಾ



ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಕೆಲವು ಗಂಟೆಗಳಲ್ಲಿ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಮೇಲೆ ಕೈಯಲ್ಲಿ ಫೋನು ಇದ್ದೂ ಇಲ್ಲದ ಹಾಗೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ಎಷ್ಟೋ ಊರುಗಳಿಗೆ ರಸ್ತೆಯೂ ಇಲ್ಲ, ಫೋನೂ ಇಲ್ಲ ಎಂದಾಯಿತು. ಇಂಥ ಹೊತ್ತಿನಲ್ಲಿ ಟವರಿನ ಹಂಗಿಲ್ಲದೆ ಮಾತಾಡುವ ಒಂದು ದಾರಿ ಉಂಟು. ಅದೇ ಹವ್ಯಾಸಿ ರೇಡಿಯೋ. ಹ್ಯಾಮ್ ರೇಡಿಯೋ ಅಂತಲೂ ಹೇಳುತ್ತಾರೆ. ದೊಡ್ಡ ಯಂತ್ರ, ಎತ್ತರದ ಕಂಬ ಇದ್ದವರಿಗೆ ಮಾತ್ರ ಇದು ಎಂದು ತಿಳಿದವರೇ ಹೆಚ್ಚು. ಹಾಗೇನಿಲ್ಲ.

ಐದು ವ್ಯಾಟ್ ಅಥವಾ ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ ಮಾತಾಡುವುದಕ್ಕೆ ಹ್ಯಾಮ್‌ಗಳು ‘ಕ್ಯೂಆರ್‌ಪಿ’ ಎನ್ನುತ್ತಾರೆ. ನಮ್ಮ ಅಡುಗೆಮನೆಯ ಎಲ್‌ಇಡಿ ಬಲ್ಬೇ 9 ವ್ಯಾಟ್ ಇರುತ್ತದೆ. ಇಷ್ಟು ಚಿಕ್ಕ ಶಕ್ತಿಯಲ್ಲಿ ಘಟ್ಟ ದಾಟಿ ಸ್ವರ ಹೋಗುತ್ತದಾ ಎಂದು ನೀವು ಕೇಳಬಹುದು. ಹೋಗುತ್ತದೆ. 7 ಮೆಗಾಹರ್ಟ್ಸ್‌ನ ತರಂಗ ಮೇಲಕ್ಕೆ ಹೋಗಿ, ಆಕಾಶದಲ್ಲಿ ಬಹಳ ಎತ್ತರದಲ್ಲಿರುವ ಅಯಾನುಗೋಳ ಎಂಬ ಪದರಕ್ಕೆ ತಾಗಿ ಪುನಃ ಕೆಳಗೆ ಬರುತ್ತದೆ. ನಡುವೆ ಗುಡ್ಡ ಇದ್ದರೂ ಅದಕ್ಕೆ ಅಡ್ಡಿಯಿಲ್ಲ. ಹಗಲಿನಲ್ಲಿ ಪರಿಸ್ಥಿತಿ ಚೆನ್ನಾಗಿದ್ದರೆ ಇನ್ನೂರು ಮುನ್ನೂರು ಕಿಲೋಮೀಟರ್ ಮಾತಾಡಬಹುದು. ದಿನಾ ಹಾಗೇ ಸಿಗುತ್ತದೆ ಅಂತಲ್ಲ. ಮಾತು ಕೇಳದಿದ್ದಾಗಲೂ ಮೋರ್ಸ್ ಸಂಕೇತದ ‘ಡಿಟ್ ಡಾ’ ಸದ್ದು ಕೇಳುವುದುಂಟು.

ಮನೆಯೊಳಗಿಗಿಂತ ಬಯಲಿಗೆ ಹೋದರೆ ಒಳ್ಳೆಯದು. ಮನೆಯ ಬಲ್ಬು, ಇನ್ವರ್ಟರ್, ಚಾರ್ಜರ್‌ಗಳ ಗರಗರ ರೇಡಿಯೋದಲ್ಲಿ ಸೇರಿ ದೂರದ ಸ್ವರವನ್ನು ನುಂಗಿಬಿಡುತ್ತದೆ. ಕರೆಂಟಿಗೆ ಯುಪಿಎಸ್‌ನಲ್ಲಿರುವಂಥ 12 ವೋಲ್ಟಿನ ಚಿಕ್ಕ ಬ್ಯಾಟರಿ ಸಾಕು.

ನಿಜವಾದ ಕೆಲಸ ಇರುವುದು ಆಂಟೆನಾದಲ್ಲಿ. ತಂತಿ ಸರಿಯಿಲ್ಲದಿದ್ದರೆ ನೂರು ವ್ಯಾಟಿನ ಸೆಟ್ಟೂ ಮೂಕವೇ. ಸುಲಭದ್ದು ಡೈಪೋಲ್. ಮೆಗಾಹರ್ಟ್ಸ್‌ನಿಂದ 143ನ್ನು ಭಾಗಿಸಿದರೆ ಅದರ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್. ಅದನ್ನು ಎರಡು ಸಮಭಾಗ ಮಾಡಿದರೆ ಒಂದೊಂದು ಕಡೆಗೆ 10 ಮೀಟರ್, ಅಂದರೆ ಎರಡು ಸೀರೆಯ ಉದ್ದಕ್ಕೆ ಒಂದು ಮೀಟರ್ ಕಡಿಮೆ. ಮನೆ ವೈರಿಂಗಿನ ತಾಮ್ರದ ತಂತಿ ಆಗುತ್ತದೆ. ನಡುವೆ ಪಿವಿಸಿ ಪೈಪಿನ ತುಂಡು ಇಟ್ಟು ಎರಡೂ ತಂತಿಯನ್ನು ಅದಕ್ಕೆ ಬಿಗಿಯಿರಿ. ರೇಡಿಯೋದಿಂದ ಬರುವ ಕೇಬಲ್ಲಿನ ಒಳತಂತಿ ಒಂದಕ್ಕೆ, ಹೊರಜಾಲರಿ ಇನ್ನೊಂದಕ್ಕೆ. ನಡುಭಾಗವನ್ನು ಏಳೆಂಟು ಮೀಟರ್ ಎತ್ತರಿಸಿ, ತುದಿಗಳನ್ನು ನೈಲಾನ್ ಹಗ್ಗದಿಂದ ಎರಡೂ ಬದಿಗೆ ಇಳಿಜಾರಾಗಿ ಕಟ್ಟಬೇಕು. ಆಗ ಒಂದೇ ಕಂಬ ಸಾಕು. ಮೊದಲು ತಂತಿಯನ್ನು ಸ್ವಲ್ಪ ಉದ್ದವೇ ಇಡಿ. ಮೀಟರ್ ನೋಡಿಕೊಂಡು ತುದಿಯನ್ನು ಮಡಚುತ್ತಾ ಸರಿಮಾಡಿ. ಕತ್ತರಿಸಿದರೆ ಪುನಃ ಸೇರಿಸುವ ರಗಳೆ.

ಕಂಬಕ್ಕೆ ಬಿದಿರಿನ ದೋಟಿ ಬಹಳ ಒಳ್ಳೆಯದು. ಈಗ ಅಡಿಕೆ ಕೊಯ್ಯಲು ಬಂದಿರುವ ಕಾರ್ಬನ್ ಫೈಬರ್ ದೋಟಿ ಮಾತ್ರ ಬೇಡ. ಅದರಲ್ಲಿ ವಿದ್ಯುತ್ ಹರಿಯುತ್ತದೆ, ಆಂಟೆನಾ ಕೆಡುತ್ತದೆ. ಯಾವ ದೋಟಿಯಾದರೂ, ಯಾವ ತಂತಿಯಾದರೂ ಕರೆಂಟಿನ ಲೈನಿನ ಹತ್ತಿರ ಎತ್ತಲೇಬಾರದು. ಅದು ಜೀವ ತೆಗೆಯುವ ಕೆಲಸ. ಗುಡುಗು ಕೇಳಿದ ಕೂಡಲೇ ಕೇಬಲ್ ಕಳಚಿ ಅಲ್ಲಿಂದ ದೂರ ಹೋಗಿ.

ಸೆಟ್ಟು ದುಬಾರಿ ಎಂಬ ಚಿಂತೆಗೂ ನಮ್ಮ ದೇಶದಲ್ಲೇ ಉತ್ತರ ಸಿಕ್ಕಿದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ‘ಬಿಟ್‌ಎಕ್ಸ್’ ಎಂಬ ಸೆಟ್ಟನ್ನು ಸುಲಭವಾಗಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟುವ ಹಾಗೆ ರೂಪಿಸಿದರು. ಅದರ ಸುರುಳಿ ಸುತ್ತಲು ನಲ್ಲಿಯ ವಾಷರನ್ನೂ ಬಳಸಿದ್ದಾರೆ!

ಇದು ಗಂಡಸರ ಹವ್ಯಾಸ ಎನ್ನುವವರಿಗೆ ನಾವು ಭಾರತಿ ಪ್ರಸಾದ್ ಅವರ ಹೆಸರು ಹೇಳುತ್ತೇವೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಅವರು ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದರು, ಹ್ಯಾಮ್ ರೇಡಿಯೋ ಕೆಲಸಕ್ಕೆಂದೇ ಹೋದವರು. ಫೋನು ಸಂಪರ್ಕ ಕಡಿದಾಗ ದ್ವೀಪದವರ ಸುದ್ದಿ ಇತ್ತ ಮನೆಯವರಿಗೆ ತಲುಪಿದ್ದು ಅವರ ರೇಡಿಯೋದಿಂದ.

ಆದರೆ ಲೈಸೆನ್ಸ್ ಇಲ್ಲದೆ ಮಾತಾಡುವುದು ಅಪರಾಧ. ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ಪಾಸಾಗಬೇಕು. 12 ವರ್ಷ ತುಂಬಿದವರು ಬರೆಯಬಹುದು, ಮೊದಲ ಹಂತಕ್ಕೆ ಮೋರ್ಸ್ ಬೇಡ. ಹೈಸ್ಕೂಲಿನ ವಿಜ್ಞಾನ ಗೊತ್ತಿದ್ದವರಿಗೆ ಕೆಲವು ತಿಂಗಳ ಓದು. ಸಂಘದಲ್ಲಿ ಇಬ್ಬರು ಒಟ್ಟಿಗೆ ಓದಿದರೆ ಸುಲಭ. ವ್ಯಾಪಾರದ ಮಾತಿಗೆ ಇದರಲ್ಲಿ ಅವಕಾಶವಿಲ್ಲ. ಸಂಘದ ಉಪ್ಪಿನಕಾಯಿಯ ಆರ್ಡರಿಗೆ ಮೊಬೈಲೇ ಗತಿ.