ಹಲಗೆಯ ಗೆರೆ, ಕಾಗದದ ನಾರು

ಜರೀನಾ ಹಶ್ಮಿಯವರ 1960ರ ದಶಕದ ಕೊನೆಯ ಮುದ್ರಣಚಿತ್ರಗಳಲ್ಲಿ ನನ್ನ ಕಣ್ಣು ಮೊದಲು ಹುಡುಕುವುದು ಮರವನ್ನು. ಹಾಳೆಯ ಮೇಲಿರುವುದು ಒಂದೆರಡು ಆಕಾರ, ಅಷ್ಟೇ. ಮರದ ತುಂಡುಗಳನ್ನು ಪಕ್ಕಪಕ್ಕ ಜೋಡಿಸಿ, ಶಾಯಿ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆದವು ಅವು. ಆಕಾರ ಕೂಡಿಸಿದ್ದು ಜರೀನಾ. ಅದರೊಳಗಿನ ಗೆರೆಗಳನ್ನೆಲ್ಲ ಮರ ಮೊದಲೇ ಬರೆದಿಟ್ಟಿತ್ತು.

ಆ ಗೆರೆ ಕಾಗದಕ್ಕೆ ಹೇಗೆ ಬರುತ್ತದೆ? ಮರ ಚುರುಕಾಗಿ ಬೆಳೆಯುವ ಕಾಲದಲ್ಲಿ ಕಟ್ಟುವ ಪದರ ಮೆದು. ಬೆಳವಣಿಗೆ ನಿಧಾನವಾದಾಗ ಕಟ್ಟುವುದು ಒತ್ತಾದ, ಗಟ್ಟಿ ಪದರ. ಹಲಗೆಯನ್ನು ತಂತಿ ಬ್ರಷ್‌ನಿಂದ ಉಜ್ಜಿದರೆ ಮೆದು ಭಾಗ ತಗ್ಗುತ್ತದೆ, ಗಟ್ಟಿ ಭಾಗ ದಿಣ್ಣೆಯಾಗಿ ನಿಲ್ಲುತ್ತದೆ. ರೋಲರ್ ಆಡಿಸಿದಾಗ ಶಾಯಿ ಕೂರುವುದು ದಿಣ್ಣೆಯ ಮೇಲೆ. ವರ್ಷವಿಡೀ ಒಂದೇ ಹದದಲ್ಲಿ ಬೆಳೆಯುವ ಮಳೆಕಾಡಿನ ಎಷ್ಟೋ ಮರಗಳಲ್ಲಿ ಈ ಭೇದ ಮಸುಕು. ಬೇಸಿಗೆಯಲ್ಲಿ ಎಲೆ ಉದುರಿಸುವ ತೇಗದಲ್ಲಿ ಸ್ಪಷ್ಟ. ಗರಗಸದ್ದೂ ಇದರಲ್ಲಿ ಪಾಲಿದೆ. ದಿಮ್ಮಿಯ ನಡುವಿನಿಂದ ಉದ್ದಕ್ಕೆ ಸೀಳಿದರೆ ನೆಟ್ಟನೆಯ ಸಾಲುಗಳು, ಅಂಚಿನ ಕಡೆ ಸೀಳಿದರೆ ಜ್ವಾಲೆಯಂಥ ವಕ್ರರೇಖೆಗಳು. ಕೊಂಬೆ ಹೊರಟ ಜಾಗದಲ್ಲಿ ಗಂಟು; ಅದರ ಬಳಿ ಬಂದ ಗೆರೆ ಹೊಳೆಯ ನೀರು ಬಂಡೆಯನ್ನು ಬಳಸುವಂತೆ ಬಳಸಿ ಮುಂದೆ ಹೋಗುತ್ತದೆ. ಹಾಳೆಯ ಮೇಲೆ ಇದೆಲ್ಲ ಎಡಬಲ ಅದಲುಬದಲು.

1937ರಲ್ಲಿ ಅಲೀಗಢದಲ್ಲಿ ಹುಟ್ಟಿ ಗಣಿತ ಓದಿದವರು ಜರೀನಾ. ಪ್ಯಾರಿಸ್‌ನಲ್ಲಿ ಮುದ್ರಣಕಲಾವಿದ ಹೇಟರ್ ಅವರ ‘ಅತಲಿಯೇ 17’ ಕಾರ್ಯಾಗಾರದಲ್ಲಿ ಪಳಗಿ, 1974ರಲ್ಲಿ ಟೋಕಿಯೊಗೆ ಹೋಗಿ ತೋಷಿ ಯೋಷಿದಾ ಅವರ ಬಳಿ ಮರದಚ್ಚಿನ ಕೆಲಸ ಕಲಿತರು.

ಜಪಾನಿನ ಆ ಪದ್ಧತಿಯಲ್ಲಿ ಸಸ್ಯವಿಜ್ಞಾನಿಗೆ ಹಬ್ಬದೂಟವೇ ಇದೆ. ಅಚ್ಚಿಗೆ ಕಾಡು ಚೆರ್ರಿ ಮರದ ಹಲಗೆ. ಬಣ್ಣಕ್ಕೆ ಅಕ್ಕಿಯ ಅಂಟು. ಕಾಗದದ ಬೆನ್ನು ಉಜ್ಜುವ ‘ಬಾರೆನ್’ ಎಂಬ ದುಂಡು ಬಿಲ್ಲೆಯೊಳಗೆ ಸುರುಳಿ ಸುತ್ತಿದ ಹುರಿ; ಹುರಿಯೂ ಅದರ ಹೊದಿಕೆಯೂ ಕಳಲೆಯನ್ನು ಸುತ್ತಿಕೊಂಡಿರುವ ಪೊರೆಯಿಂದಲೇ ಆದವು. ಇನ್ನು ಕಾಗದ, ಕೋಝೋ ಗಿಡದ ಒಳತೊಗಟೆಯದು. ಇದು ನಮ್ಮ ರೇಷ್ಮೆ ಬೆಳೆಗಾರರ ಹಿಪ್ಪುನೇರಳೆಯ ಕುಟುಂಬಕ್ಕೇ ಸೇರಿದ ಗಿಡ. ಹಲಸು, ಆಲಗಳೂ ಅದೇ ಬಳಗ. ನಾರು ಸುಮಾರು 1 ಸೆಂಟಿಮೀಟರ್ ಉದ್ದ, ಮರದ ತಿರುಳಿನ ನಾರಿಗಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ತೆಳುವಾದ ಹಾಳೆಯೂ ಉಜ್ಜಿದರೆ ಹರಿಯದು.

1999ರ ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’ ಮಾಲಿಕೆಯ 36 ಮರದಚ್ಚುಗಳನ್ನು ಜರೀನಾ ಮುದ್ರಿಸಿದ್ದು ಕೋಝೋ ಕಾಗದದ ಮೇಲೆ. ಒಂದೊಂದರಲ್ಲೂ ಒಂದು ಉರ್ದು ಪದ, ಕೆಲವೇ ಕಪ್ಪು ರೇಖೆಗಳು. ಕಡಿಮೆ ಗೆರೆಯ ಚಿತ್ರದಲ್ಲಿ ಕಾಗದ ಹಿನ್ನೆಲೆಯಾಗಿ ಉಳಿಯುವುದಿಲ್ಲ; ಅದರ ಬಣ್ಣ, ನಾರು, ಮೈ ಎಲ್ಲವೂ ಎಣಿಕೆಗೆ ಬರುತ್ತವೆ. ಇದನ್ನು ಬರಿದು ಎನ್ನುವವರು ದೂರದಿಂದ ನೋಡಿರಬೇಕು.

2001ರ ‘ಡಿವೈಡಿಂಗ್ ಲೈನ್’ ಭಾರತ-ಪಾಕಿಸ್ತಾನದ ಗಡಿರೇಖೆ. ಇಲ್ಲಿ ಅವರು ಗೆರೆಯನ್ನು ಕೊರೆಯಲಿಲ್ಲ, ಗೆರೆಯನ್ನು ಬಿಟ್ಟು ಸುತ್ತಲಿನ ಮರವನ್ನು ಕೆತ್ತಿ ತೆಗೆದರು. ಉಳಿ ಪೂರ್ತಿ ಇಳಿಯದ ಕಡೆಗಳಲ್ಲಿ ಉಳಿದ ಸಣ್ಣ ಏಣುಗಳೂ ಶಾಯಿ ಹಿಡಿದು, ಅಂಕುಡೊಂಕು ಗಡಿಯ ಎರಡೂ ಬದಿಗೆ ಕಪ್ಪು ಚೂರುಗಳಾಗಿ ಮೂಡಿವೆ. ಅಚ್ಚುಕಟ್ಟಿನ ಮುದ್ರಕರು ಅಂಥವನ್ನು ಹೆರೆದು ಹಾಕುತ್ತಾರೆ. ಜರೀನಾ ಬಿಟ್ಟರು. ನನಗೆ ಗಡಿಗಿಂತ ಹೆಚ್ಚು ಹೊತ್ತು ನೋಡಬೇಕೆನಿಸುವುದು ಆ ಚೂರುಗಳನ್ನೇ: ಉಳಿ ಯಾವ ಕಡೆಯಿಂದ ಬಂತು, ಎಲ್ಲಿ ಜಾರಿತು ಎಂಬುದು ಅವುಗಳ ಓರೆಯಲ್ಲೇ ತಿಳಿಯುತ್ತದೆ.