ನೋಜಲ್ ಬದಲಿಸುವ ಮುನ್ನ

‘ನಾಲ್ಕೂ ನೋಜಲ್ ಹೋಗಿವೆ ಅಂದ್ರು. ಹೊಸದು ಹಾಕ್ಸಿದ್ರೆ ಗಾಡಿ ಮಾರಿದ ದುಡ್ಡೂ ಸಾಲಲ್ವಂತೆ.’ ಹಳೆಯ ಸ್ವಿಫ್ಟ್, ಡಿಸೈರ್, ವೆರಿಟೊ ಇಟ್ಟುಕೊಂಡವರ ಬಾಯಲ್ಲಿ ಈ ಮಾತನ್ನು ಮೇಲಿಂದ ಮೇಲೆ ಕೇಳುತ್ತೇನೆ. ಶಿವಮೊಗ್ಗದಲ್ಲಿ ಪಂಪು, ನೋಜಲ್ ಕೆಲಸವನ್ನೇ ನೆಚ್ಚಿಕೊಂಡವನು ನಾನು. ನನ್ನ ಅನುಭವದಲ್ಲಿ ನಾಲ್ಕೂ ಒಟ್ಟಿಗೆ ಕೆಡುವುದು ಅಪರೂಪ. ಎಷ್ಟೋ ಸಲ ಒಂದೇ ಸವೆದಿರುತ್ತದೆ, ಕೆಲವೊಮ್ಮೆ ಒಂದೂ ಕೆಟ್ಟಿರುವುದಿಲ್ಲ.

ನಾನು ಕೆಲಸ ಕಲಿತದ್ದು ಮೈಕೋ ಪಂಪುಗಳ ಮೇಲೆ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಆಯಿತು. ನಮ್ಮ ಕಸುಬಿನವರ ಬಾಯಲ್ಲಿ ಮಾತ್ರ ಇವತ್ತಿಗೂ ಮೈಕೋ. ಆ ಕಾಲದ ನೋಜಲ್ 150–200 ಬಾರ್ ಒತ್ತಡಕ್ಕೆ ಬಾಯಿ ತೆರೆಯುತ್ತಿತ್ತು. ಡೀಸೆಲ್ ಪೈಪಿನಲ್ಲಿ ಏರ್ ಹಿಡಿದರೆ ಸ್ಪ್ಯಾನರ್ ತೆಗೆದುಕೊಂಡು ನೋಜಲ್ ಪೈಪಿನ ನಟ್ ಸಡಿಲಿಸಿ, ಸೆಲ್ಫ್ ಹೊಡೆದು ಗಾಳಿ ಬಿಡುತ್ತಿದ್ದೆವು. ಕಾರುಗಳ ಪೈಕಿ ಮೊದಲು 1997ರಲ್ಲಿ ಆಲ್ಫಾ ರೋಮಿಯೊ 156ರಲ್ಲಿ ಬಂದ ಕಾಮನ್ ರೈಲ್ ಪದ್ಧತಿ ಇದನ್ನೆಲ್ಲ ಬದಲಿಸಿಬಿಟ್ಟಿತು. ಈಗ ಪಂಪು ಡೀಸೆಲನ್ನು ರೈಲ್ ಎಂಬ ದಪ್ಪ ಉಕ್ಕಿನ ಕೊಳವೆಗೆ ತುಂಬುತ್ತದೆ, ಅಲ್ಲಿ ಒತ್ತಡ 1,600 ಬಾರ್‌ವರೆಗೂ ಏರುತ್ತದೆ. ಕಾರಿನ ಟೈರಿನಲ್ಲಿರುವುದು ಸುಮಾರು 2 ಬಾರ್. ಎಂಜಿನ್ ಓಡುವಾಗ ಹಳೇ ರೂಢಿಯಂತೆ ನೋಜಲ್ ಪೈಪಿನ ನಟ್ ಸಡಿಲಿಸಿದರೆ ಡೀಸೆಲ್ ಚರ್ಮ ಸೀಳಿಕೊಂಡು ಮೈಯೊಳಗೆ ಹೊಕ್ಕುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಕಂಡರೂ ಒಳಗೆ ಮಾಂಸ ಕೊಳೆಯುತ್ತದೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವ ಹುಡುಗರಿಗೆ ಇದನ್ನು ಕೈಮುಗಿದು ಹೇಳುತ್ತೇನೆ.

ಈ ಪಂಪಿಗೂ, ರೈಲಿನಿಂದ ಡೀಸೆಲನ್ನು ಎಂಜಿನ್ನಿಗೆ ಚಿಮ್ಮುವ ಇಂಜೆಕ್ಟರಿಗೂ (ಜನ ನೋಜಲ್ ಅನ್ನುವುದು ಇದಕ್ಕೇ) ಬೇರೆ ಆಯಿಲ್ ಇಲ್ಲ. ಹೆಚ್ಚಿನ ಕಾರುಗಳಲ್ಲಿ ಒಳಗೆ ಹರಿಯುವ ಡೀಸೆಲ್ಲೇ ಅವಕ್ಕೆ ಜಿಡ್ಡು, ಅದೇ ತಂಪು. ಒಳಗಿನ ಸೂಜಿಗೂ ಅದರ ಗೂಡಿಗೂ ನಡುವೆ ಇರುವ ಜಾಗ ಎರಡು ಮೂರು ಮೈಕ್ರಾನ್; ತಲೆಗೂದಲಿನ ದಪ್ಪ ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಅಲ್ಲಿಗೆ ನೀರು ಬಂದರೆ ಜಿಡ್ಡು ಹೋಗಿ ಲೋಹಕ್ಕೆ ಲೋಹ ಉಜ್ಜುತ್ತದೆ, ಆಮೇಲೆ ತುಕ್ಕು. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಮಾಡುವುದೂ ಇದೇ ಅನಾಹುತ. ಬಂಕಿನಲ್ಲಿ ಕಣ್ತಪ್ಪಿ ಪೆಟ್ರೋಲ್ ಹಾಕಿಬಿಟ್ಟರೆ ಕೀ ತಿರುಗಿಸಲೇಬೇಡಿ. ಹಲವು ಕಾರುಗಳಲ್ಲಿ ಕೀ ತಿರುಗಿಸಿದ ಕೂಡಲೇ ಟ್ಯಾಂಕಿನೊಳಗಿನ ಪಂಪು ಅದನ್ನು ಮುಂದಕ್ಕೆ ತಳ್ಳುತ್ತದೆ. ಗಾಡಿ ತಳ್ಳಿ ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಿಸುವ ಖರ್ಚು, ಪಂಪು ಹೋದ ಖರ್ಚಿನ ಮುಂದೆ ಏನೂ ಅಲ್ಲ.

ಡೀಸೆಲ್ ಫಿಲ್ಟರಿನ ಕೆಲಸ ಕಸ ಹಿಡಿಯುವುದಷ್ಟೇ ಅಲ್ಲ, ನೀರನ್ನು ಬೇರ್ಪಡಿಸುವುದೂ ಹೌದು. ನೀರು ಡೀಸೆಲ್‌ಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಅಲ್ಲಿರುವ ಡ್ರೇನ್ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಬಿಟ್ಟುಕೊಂಡರೆ ಕೆಳಗೆ ನೀರು, ಮೇಲೆ ಡೀಸೆಲ್ ಎರಡು ಪದರವಾಗಿ ಕಾಣುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟುಕೊಂಡು ವಾರಗಟ್ಟಲೆ ನಿಂತ ಗಾಡಿಯಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ. ಟ್ಯಾಂಕಿನ ಖಾಲಿ ಜಾಗದ ತೇವದ ಗಾಳಿಯೇ ತಂಪಾಗಿ ನೀರಾಗುತ್ತದೆ. ಆ ಕಾಲದಲ್ಲಿ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯದು. ಡ್ಯಾಶ್‌ಬೋರ್ಡಿನಲ್ಲಿ ನೀರಿನ ದೀಪ ಹತ್ತಿದರೆ ನಾಳೆ ನೋಡೋಣ ಎನ್ನಬೇಡಿ. ಫಿಲ್ಟರ್ ಬದಲಿಸುವ ಗಡುವು ಒಂದೊಂದು ಗಾಡಿಗೆ ಒಂದೊಂದು, ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ಧೂಳಿನ ದಾರಿಯ ಓಡಾಟವಿದ್ದರೆ ಅದಕ್ಕೂ ಮೊದಲೇ ಬದಲಿಸಿ. ಬೆಲೆ ನೋಡಿ ಹೆಸರಿಲ್ಲದ ಫಿಲ್ಟರ್ ಹಾಕಿಸುವುದು ಮಾತ್ರ ಖಂಡಿತ ತಪ್ಪು.

ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಸ್ಟಾರ್ಟ್ ಆಗುವ ಗಾಡಿ ಬಂದರೆ ಮೊದಲು ಬ್ಯಾಟರಿ, ಗ್ಲೋ ಪ್ಲಗ್, ಆಮೇಲೆ ಫಿಲ್ಟರ್ ನೋಡುತ್ತೇನೆ, ನಂತರ ಗಾಳಿ. ವೆರಿಟೊ, ಡಸ್ಟರ್‌ಗಳಲ್ಲಿ ಟ್ಯಾಂಕಿನೊಳಗೆ ಪಂಪಿಲ್ಲ, ಡೀಸೆಲನ್ನು ಎಂಜಿನ್ ಕಡೆಯಿಂದಲೇ ಎಳೆದುಕೊಳ್ಳಬೇಕು. ಎಲ್ಲೋ ಒಂದು ರಬ್ಬರ್ ಪೈಪು ಬಿರುಕುಬಿಟ್ಟಿದ್ದರೆ ಹೊರಗೆ ಹನಿ ಸೋರುವುದಿಲ್ಲ, ಬದಲಿಗೆ ಒಳಗೆ ಗಾಳಿ ಎಳೆಯುತ್ತದೆ. ಒಂದು ತುಂಡು ಪಾರದರ್ಶಕ ಪೈಪು ಜೋಡಿಸಿದರೆ ಗುಳ್ಳೆಗಳು ಸಾಲಾಗಿ ಹೋಗುವುದು ಕಣ್ಣಿಗೇ ಕಾಣುತ್ತದೆ.

ಅಲ್ಲೂ ಏನೂ ಸಿಗದಿದ್ದರೆ ರಿಟರ್ನ್ ಪರೀಕ್ಷೆ. ಪ್ರತಿ ಇಂಜೆಕ್ಟರಿನಿಂದಲೂ ಸ್ವಲ್ಪ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಆ ಪೈಪುಗಳನ್ನು ಬಿಚ್ಚಿ, ಅಳತೆಯ ಗೆರೆಯಿರುವ ನಾಲ್ಕು ಬಾಟಲಿಗಳಿಗೆ ಬಿಟ್ಟು, ಎಂಜಿನ್ ಐಡಲ್‌ನಲ್ಲಿ ಕೆಲವು ನಿಮಿಷ ಓಡಲು ಬಿಡುತ್ತೇನೆ. ಮೂರು ಬಾಟಲಿಗಳಲ್ಲಿ ಡೀಸೆಲ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದು, ನಾಲ್ಕನೆಯದು ಸರಸರ ತುಂಬಿದರೆ ಆ ಇಂಜೆಕ್ಟರಿನ ಒಳಭಾಗ ಸವೆದಿದೆ ಎಂದರ್ಥ. ಸೆಲ್ಫ್ ಹೊಡೆಯುವಾಗ ರೈಲಿನ ಒತ್ತಡವೆಲ್ಲ ಅದರ ದಾರಿಯಲ್ಲೇ ಸೋರಿಹೋಗುತ್ತದೆ. ಬೇಕಾದಷ್ಟು ಒತ್ತಡ ಏರುವ ತನಕ ಎಂಜಿನ್ನಿನ ಕಂಪ್ಯೂಟರ್ ಡೀಸೆಲ್ ಚಿಮ್ಮಲು ಬಿಡುವುದಿಲ್ಲ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಸ್ಕ್ಯಾನರ್ ಒತ್ತಡ ಕಡಿಮೆ ಎಂದಷ್ಟೇ ಹೇಳುತ್ತದೆ, ಯಾರಿಂದ ಎನ್ನುವುದನ್ನು ಬಾಟಲಿ ಹೇಳುತ್ತದೆ.

ಇಂಜೆಕ್ಟರ್ ಬಿಚ್ಚಿದರೆ ಅಡಿಯ ತಾಮ್ರದ ವಾಷರ್ ಹೊಸದೇ ಹಾಕಬೇಕು, ಕೂರುವ ಜಾಗವನ್ನು ಉಜ್ಜಿ ಶುಚಿ ಮಾಡಬೇಕು. ಹಳೆಯದನ್ನೇ ಹಾಕಿದರೆ ಅಲ್ಲಿಂದ ಹೊಗೆ ಸೋರಿ, ಚಫ್ ಚಫ್ ಸದ್ದು ಬಂದು, ಟಾರಿನಂಥ ಕಪ್ಪು ಗಟ್ಟಿ ಪದಾರ್ಥ ಸುತ್ತ ಕಟ್ಟಿಕೊಳ್ಳುತ್ತದೆ. ಮುಂದಿನ ಸಲ ಇಂಜೆಕ್ಟರ್ ಕೀಳುವುದೇ ಕಷ್ಟ. ಹಲವು ಇಂಜೆಕ್ಟರ್‌ಗಳ ತಲೆಯ ಮೇಲೆ ಒಂದು ಕೋಡ್ ಇರುತ್ತದೆ. ಹೊಸದು ಹಾಕಿದಾಗ ಅದನ್ನು ಕಂಪ್ಯೂಟರಿಗೆ ತಿಳಿಸದಿದ್ದರೆ ಐಡಲ್‌ನಲ್ಲಿ ನಡುಕ, ಹೊಗೆ.

ಮಾರುತಿ 2020ರಲ್ಲಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಅದರ ಸ್ವಿಫ್ಟ್, ಡಿಸೈರ್‌ಗಳ 1,248 ಸಿಸಿ ಡೀಸೆಲ್ ಎಂಜಿನ್ ಇನ್ನೂ ನಮ್ಮ ಊರುಗಳಲ್ಲಿ ದಿನವೂ ದುಡಿಯುತ್ತಿದೆ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಬಹಳ ವರ್ಷ ದುಡಿಯುತ್ತದೆ. ಯಾರಾದರೂ ನೋಜಲ್ ಬದಲಿಸಬೇಕು ಎಂದರೆ ಒಪ್ಪುವ ಮೊದಲು ರಿಟರ್ನ್ ಪರೀಕ್ಷೆ ಮಾಡಿ ತೋರಿಸಲು ಹೇಳಿ. ಪಕ್ಕದಲ್ಲಿ ನಿಂತು ನಾಲ್ಕೂ ಬಾಟಲಿಗಳನ್ನು ನೀವೇ ನೋಡಿ. ತೋರಿಸಲು ಒಪ್ಪದಿದ್ದರೆ ಗಾಡಿ ಬೇರೆ ಕಡೆ ತೆಗೆದುಕೊಂಡು ಹೋಗಿ.